ಗೇಟಿನಿಂದ ಗ್ಯಾರೇಜಿಗೆ ಸ್ಟ್ಯಾಂಪ್ಡ್ ಕಾಂಕ್ರೀಟೋ, ಪೇವರ್ ಬ್ಲಾಕೋ? ಕೆಳಗೆ ಜೇಡಿಮಣ್ಣು, ನೀರಿನ ಪೈಪು ಇದೆ

ಹಿತ್ತಲಬಾಗಿಲು:

ನಮಸ್ಕಾರ. ಎರಡು ಜಾಗಕ್ಕೆ ನೆಲ ಹಾಕಿಸಬೇಕು. ಒಂದು, ಗೇಟಿನಿಂದ ಗ್ಯಾರೇಜಿನವರೆಗಿನ ದಾರಿ: 12 ಅಡಿ ಅಗಲ, 40 ಅಡಿ ಉದ್ದ. ಗೇಟಿನ ಕಡೆ ಎತ್ತರ, ಗ್ಯಾರೇಜಿನ ಕಡೆ ತಗ್ಗು, ಒಟ್ಟು 10 ಇಂಚು ಇಳಿತ. ದಿನಾ ಎರಡು ಕಾರು ಓಡಾಡುತ್ತವೆ, ಆಗೊಮ್ಮೆ ಈಗೊಮ್ಮೆ ಸಾಮಾನು ತುಂಬಿದ ಲಾರಿ ಒಳಗೆ ಬರುತ್ತದೆ. ಇನ್ನೊಂದು, ಮನೆ ಹಿಂದಿನ ಅಂಗಳ: 14 × 16 ಅಡಿ, ಕೂರಲು ನಡೆದಾಡಲು ಮಾತ್ರ. ಅಲ್ಲಿ ಈಗ 3 ಇಂಚಿನ ಹಳೆಯ ಕಾಂಕ್ರೀಟ್ ಇದೆ, ಎರಡು ಕಡೆ ಬಿರುಕು ಬಿಟ್ಟಿದೆ.

ಮಣ್ಣು ಜೇಡಿ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ದಾರಿಯ ಅಡಿ ಎರಡು ಅಡಿ ಆಳದಲ್ಲಿ ಮನೆಗೆ ಬರುವ ನೀರಿನ ಪೈಪಿದೆ. ನೋಡಲು ಸ್ಟ್ಯಾಂಪ್ಡ್ ಕಾಂಕ್ರೀಟ್ (ಹಸಿ ಕಾಂಕ್ರೀಟಿನ ಮೇಲೆ ಕಲ್ಲಿನಂತೆ ಅಚ್ಚೊತ್ತಿದ ನೆಲ) ಇಷ್ಟವಾಗಿದೆ, ಆದರೆ ಬಿರುಕಿನ ಭಯ. ಪೇವರ್ (ಬಿಡಿಬಿಡಿಯಾಗಿ ಜೋಡಿಸುವ ಬ್ಲಾಕ್) ಹಾಕಿದರೆ ಚಕ್ರದ ಜಾಡು ಕುಸಿಯುತ್ತದೆ, ಸಂದಿಯಲ್ಲಿ ಹುಲ್ಲು ಬೆಳೆಯುತ್ತದೆ ಅನ್ನುತ್ತಾರೆ. ಎರಡೂ ಕಡೆ ಒಂದೇ ಥರ ಮಾಡಲೇಬೇಕೆಂದಿಲ್ಲ. ಯಾವುದಕ್ಕೆ ಯಾವುದು ಸರಿ, ಯಾವ ಲೆಕ್ಕದಲ್ಲಿ ಮಾಡಿಸಬೇಕು?

ರಸಮಟ್ಟ:

ಮೇಲಿನ ಡಿಸೈನ್ ನೋಡಿ ತೀರ್ಮಾನ ಮಾಡಬೇಡಿ, ಕೆಳಗಿನ ಮಣ್ಣು ನೋಡಿ ಮಾಡಿ. ಉಬ್ಬಿ ಕುಗ್ಗುವ ಜೇಡಿಮಣ್ಣು, ಅದರೊಳಗೆ ಪೈಪು, ಮೇಲೆ ಲಾರಿ. ಈ ಮೂರೂ ಇರುವ ಕಡೆ ದಾರಿಗೆ ಪೇವರ್ ಹಾಕಿ. ಪೈಪು ಸೋರಿದ ದಿನ ಪೇವರ್ ಆದರೆ ಎರಡು ಅಡಿ ಅಗಲಕ್ಕೆ ಬ್ಲಾಕ್ ಎತ್ತಿ, ರಿಪೇರಿ ಮಾಡಿ, ಅವೇ ಬ್ಲಾಕ್ ಮತ್ತೆ ಕೂರಿಸಬಹುದು. ಸ್ಟ್ಯಾಂಪ್ಡ್ ಕಾಂಕ್ರೀಟ್ ಕತ್ತರಿಸಿ ತೇಪೆ ಹಾಕಿದರೆ ಬಣ್ಣ ಎಂದಿಗೂ ಕೂಡುವುದಿಲ್ಲ. ಅದೇ ಪುಡಿ, ಅದೇ ಅಚ್ಚು ತಂದರೂ ಹಳೆಯದು ಬಿಸಿಲಿಗೆ ಮಾಸಿರುತ್ತದೆ, ಹೊಸದು ಎದ್ದು ಕಾಣುತ್ತದೆ.

ಚಕ್ರದ ಜಾಡು ಕುಸಿಯುವುದು ಬ್ಲಾಕಿನ ತಪ್ಪಲ್ಲ, ತಳದ ತಪ್ಪು. ನಿಮ್ಮ ಮಣ್ಣಿಗೆ ತಳ ಹೀಗಿರಲಿ:

ಒಟ್ಟು 14 ಇಂಚು ಅಗೆಯಿರಿ. 250 ಮಿ.ಮೀ. ಜಲ್ಲಿ ಹಾಸು, 25 ಮಿ.ಮೀ. ಮರಳು, 80 ಮಿ.ಮೀ. ಬ್ಲಾಕ್ ಸೇರಿ 355 ಮಿ.ಮೀ. ಆಗುತ್ತದೆ. ಬರೀ ಕಾರಿಗೆ 60 ಮಿ.ಮೀ. ಬ್ಲಾಕ್ ಸಾಕಿತ್ತು, ಲಾರಿ ಬರುವುದರಿಂದ 80 ಹೇಳುತ್ತಿದ್ದೇನೆ. ಅಗೆದ ಮೇಲೆ ಪೈಪಿನ ಮೇಲೆ 10 ಇಂಚು ಮಣ್ಣಷ್ಟೇ ಉಳಿಯುತ್ತದೆ. ಅದಕ್ಕೇ ಈಗಲೇ ಆ ಪೈಪನ್ನು ಇನ್ನೊಂದು ದೊಡ್ಡ ಪೈಪಿನೊಳಗೆ ಹಾಯಿಸಿ, ಸುತ್ತ ಮರಳು ತುಂಬಿಸಿಬಿಡಿ.

ಅಗೆದ ಮಣ್ಣಿನ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅಗೆದ ಗುಂಡಿಯ ಪಕ್ಕಗಳಿಗೂ ಮೇಲೆ ಹತ್ತಿಸಿ. ಎರಡು ಬಟ್ಟೆ ಸೇರುವ ಕಡೆ ಒಂದೂವರೆ ಅಡಿ ಒಂದರ ಮೇಲೊಂದು ಬರಲಿ. ಇದಿಲ್ಲದಿದ್ದರೆ ಒದ್ದೆ ಜೇಡಿ ಮೇಲೇರಿ ಜಲ್ಲಿಯ ನಡುವೆ ಸೇರುತ್ತದೆ, ಜಲ್ಲಿ ಕೆಳಗಿಳಿಯುತ್ತದೆ, ಒಂದೆರಡು ಮಳೆಗಾಲದಲ್ಲಿ ಹಾಸಿನ ದಪ್ಪವೇ ಕಡಿಮೆಯಾಗುತ್ತದೆ. ಕುಸಿತಕ್ಕೆ ಅರ್ಧ ಕಾರಣ ಇದೇ.

ಜಲ್ಲಿ ಒಂದೇ ಸೈಜಿನದು ಬೇಡ. 20 ಮಿ.ಮೀ.ಯಿಂದ ಪುಡಿಯವರೆಗೆ ಎಲ್ಲ ಸೈಜೂ ಬೆರೆತದ್ದು ಬೇಕು, ಆಗ ಮಾತ್ರ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮೂರು ನಾಲ್ಕು ಇಂಚಿನ ಪದರ ಹರಡಿ, ಸ್ವಲ್ಪ ನೀರು ಚಿಮುಕಿಸಿ, ದಮ್ಮಸ್ಸು ಮಾಡಿ, ಆಮೇಲೆ ಮುಂದಿನ ಪದರ. ಹತ್ತೂ ಇಂಚು ಒಟ್ಟಿಗೆ ಸುರಿದು ಮೇಲೆ ಎಷ್ಟೇ ಮೆಷಿನ್ ಓಡಿಸಿದರೂ ಕೆಳಗಿನದು ಸಡಿಲವಾಗಿಯೇ ಉಳಿಯುತ್ತದೆ. ಹಾಸು ಬ್ಲಾಕಿನ ಅಂಚಿಗೇ ನಿಲ್ಲಬಾರದು. ಎರಡೂ ಪಕ್ಕ ಹಾಸಿನ ದಪ್ಪದಷ್ಟು, ಅಂದರೆ 10 ಇಂಚು ಆಚೆ ಹೋಗಬೇಕು, ಅಂಚಿನ ಕಟ್ಟೆ ಅದರ ಮೇಲೆ ಕೂರಬೇಕು.

ಲೆಕ್ಕ: ಹಾಸು ದಮ್ಮಸ್ಸಾದ ಮೇಲೆ ಸುಮಾರು 455 ಘನ ಅಡಿ, ಅದಕ್ಕೆ ಸಡಿಲ ಜಲ್ಲಿ 570 ಘನ ಅಡಿ ತರಿಸಬೇಕು. ಮರಳು 40 ಘನ ಅಡಿ, 50 ತರಿಸಿ. 200 × 100 ಮಿ.ಮೀ. ಬ್ಲಾಕ್ ಚದರ ಮೀಟರಿಗೆ 50ರಂತೆ 2,230. ಬ್ಲಾಕ್‌ಗಳನ್ನು ಒಂದಕ್ಕೊಂದು ಲಂಬವಾಗಿ ಕಚ್ಚಿಸುವ ಹೆರಿಂಗ್‌ಬೋನ್ ಜೋಡಣೆಯನ್ನು ನೇರ ಹಾಕಿದರೆ 5% ಜಾಸ್ತಿ ಸಾಕು, 45 ಡಿಗ್ರಿ ತಿರುಗಿಸಿದರೆ ಅಂಚಿನಲ್ಲಿ ಕತ್ತರಿಸುವುದು ಹೆಚ್ಚು, 10% ಸೇರಿಸಿ. ಸಂದಿಗೆ ಒಣ ಸಣ್ಣ ಮರಳು 250ರಿಂದ 300 ಕಿಲೋ.

ವಾಹನ ಓಡುವ ಕಡೆ ಹೆರಿಂಗ್‌ಬೋನ್ ಬಿಟ್ಟು ಬೇರೆ ಜೋಡಣೆ ಬೇಡ. ಬ್ರೇಕ್ ಹಾಕಿದಾಗ, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಬ್ಲಾಕನ್ನು ಪಕ್ಕಕ್ಕೆ ತಳ್ಳುತ್ತದೆ. ಈ ಜೋಡಣೆಯಲ್ಲಿ ಯಾವ ದಿಕ್ಕಿಗೂ ಉದ್ದನೆಯ ನೇರ ಸಂದಿ ಇಲ್ಲ, ತಳ್ಳಿದ ಒತ್ತಡ ಹತ್ತಾರು ಬ್ಲಾಕಿಗೆ ಹಂಚಿಹೋಗುತ್ತದೆ. ಚೌಕಾಕಾರದ ದೊಡ್ಡ ತೆಳು ಚಪ್ಪಡಿಗಳನ್ನು ಮರಳಿನ ಮೇಲೆ ಹಾಕಿ ಲಾರಿ ಓಡಿಸಿದರೆ ನಡುವೆ ಮುರಿಯುತ್ತವೆ. ಬ್ಲಾಕಿನ ಉದ್ದ ಅದರ ದಪ್ಪದ ಮೂರು ಪಟ್ಟು ಮೀರಬಾರದು.

ಇನ್ನೊಂದು ಮಾತು, ನೀವು ಕೇಳಿಲ್ಲ. ನಿಮ್ಮ ವಾಟ ಗ್ಯಾರೇಜಿನ ಕಡೆಗಿದೆ. ಗಂಟೆಗೆ 50 ಮಿ.ಮೀ. ಮಳೆ ಬಂದರೆ ಈ 480 ಚದರ ಅಡಿಯಿಂದಲೇ ಗಂಟೆಗೆ 2,200 ಲೀಟರ್ ನೀರು ಗ್ಯಾರೇಜಿನ ಬಾಗಿಲಿಗೆ ಬರುತ್ತದೆ. ಯಾವುದೇ ನೆಲ ಹಾಕಿಸಿ, ಬಾಗಿಲಿನ ಮುಂದೆ ಪೂರ್ತಿ 12 ಅಡಿಗೆ ಜಾಲರಿ ಮುಚ್ಚಿದ ಚರಂಡಿ ಮೊದಲು ಕೂರಿಸಿ, ಅದರ ಹೊರದಾರಿ ಎಲ್ಲಿಗೆ ಅನ್ನುವುದನ್ನೂ ಮೊದಲೇ ನೋಡಿ. ಬ್ಲಾಕಿನ ಮೇಲ್ಮೈ ಜಾಲರಿಗಿಂತ 3ರಿಂದ 6 ಮಿ.ಮೀ. ಎತ್ತರ ಇರಲಿ.

ಕರಣೆ:

ದಾರಿಯ ವಿಷಯದಲ್ಲಿ ರಸಮಟ್ಟ ಅವರ ಮಾತು ಒಪ್ಪುತ್ತೇನೆ. ಆದರೆ ಅಂಗಳವನ್ನು ಸ್ಟ್ಯಾಂಪ್ಡ್ ಮಾಡಿಸಿ, ಭಯ ಬೇಡ. 224 ಚದರ ಅಡಿ ಒಂದೇ ಬೆಳಗ್ಗೆ ನಾಲ್ಕು ಜನ ಮುಗಿಸಬಹುದಾದ ಅಳತೆ. ಕುರ್ಚಿ ಮೇಜು ಅಲುಗಾಡುವುದಿಲ್ಲ, ಕಸ ಗುಡಿಸುವುದು ಸುಲಭ.

ಸ್ಟ್ಯಾಂಪ್ಡ್ ಕಾಂಕ್ರೀಟ್ ಬಿರುಕು ಬಿಡುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ, ಕುಗ್ಗಿದರೆ ಎಲ್ಲೋ ಒಂದು ಕಡೆ ಬಿರಿಯಲೇಬೇಕು. ಎಲ್ಲಿ ಬಿರಿಯಬೇಕು ಎಂದು ನಾವು ಹೇಳುವುದೇ ಕಂಟ್ರೋಲ್ ಜಾಯಿಂಟ್. 4 ಇಂಚಿನ ನೆಲಕ್ಕೆ ಜಾಯಿಂಟ್‌ಗಳ ಅಂತರ 8ರಿಂದ 10 ಅಡಿ ಮೀರಬಾರದು. ನಿಮ್ಮ 14 × 16ರಲ್ಲಿ ನಡುವೆ ಉದ್ದಕ್ಕೊಂದು ಅಡ್ಡಕ್ಕೊಂದು ಹಾಕಿದರೆ 7 × 8ರ ನಾಲ್ಕು ತುಂಡು, ಒಳ್ಳೆಯ ಅಳತೆ. ಆಳ ದಪ್ಪದ ಕಾಲು ಭಾಗ, ಅಂದರೆ ಒಂದು ಇಂಚು. ಬರೀ ಅಲಂಕಾರಕ್ಕೆ ಕಾಲು ಇಂಚು ಗೀರಿದರೆ ಬಿರುಕು ಅದನ್ನು ಲೆಕ್ಕಿಸದೆ ಪಕ್ಕದಲ್ಲೇ ಹೋಗುತ್ತದೆ. ಕಟ್ಟರ್‌ನಲ್ಲಿ ಕೊಯ್ಯುವುದಾದರೆ ಹಾಕಿದ 6ರಿಂದ 18 ಗಂಟೆಯೊಳಗೆ, ಬಿಸಿಲಿದ್ದರೆ ಬೇಗನೇ. ಮರುದಿನ ಸಂಜೆಗೆ ಮುಂದೂಡಿದರೆ ಅಷ್ಟರಲ್ಲಿ ಒಳಗೆ ಬಿರುಕು ಹುಟ್ಟಿರುತ್ತದೆ. ಅಚ್ಚಿನ ಕಲ್ಲುಗೆರೆಯ ಮೇಲೇ ಜಾಯಿಂಟ್ ಬರುವಂತೆ ಮೊದಲೇ ಕಾಗದದ ಮೇಲೆ ಗೆರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಚಿತ್ರದ ನಡುವೆ ಅಡ್ಡ ಕೊಯ್ದಂತೆ ಕಾಣುತ್ತದೆ.

ಮನೆಯ ಗೋಡೆಗೂ ಕಂಬಗಳಿಗೂ ತಾಗುವ ಕಡೆ ಪೂರ್ತಿ ದಪ್ಪಕ್ಕೆ 12 ಮಿ.ಮೀ. ಫೋಮ್ ಪಟ್ಟಿ ನಿಲ್ಲಿಸಿ. ಮನೆ ಒಂದು ಥರ ಕೂರುತ್ತದೆ, ಅಂಗಳ ಇನ್ನೊಂದು ಥರ. ಕಟ್ಟಿಹಾಕಿದರೆ ಮೂಲೆ ಮುರಿಯುತ್ತದೆ.

ಹಳೆಯ 3 ಇಂಚಿನ ನೆಲ ಒಡೆದು ತೆಗೆಯಿರಿ. ಅದರ ಮೇಲೆ ತೆಳು ಓವರ್‌ಲೇ ಹಾಕಿ ಅಚ್ಚೊತ್ತಬಹುದು, ಆದರೆ ಕೆಳಗಿನ ಬಿರುಕು ಅಲುಗಾಡುತ್ತಿದ್ದರೆ ಅದೇ ಗೆರೆ ಮೇಲಕ್ಕೂ ಬರುತ್ತದೆ. ಒಡೆದ ಮೇಲೆ 6 ಇಂಚು ಜಲ್ಲಿ ದಮ್ಮಸ್ಸು, ಮನೆಯಿಂದ ಆಚೆಗೆ ಅಡಿಗೆ ಕಾಲು ಇಂಚು ವಾಟ. 14 ಅಡಿಗೆ ಮೂರೂವರೆ ಇಂಚು. ಅಚ್ಚಿನ ತಗ್ಗುಗಳಲ್ಲಿ ನೀರು ನಿಲ್ಲುವುದರಿಂದ ಇದಕ್ಕಿಂತ ಕಡಿಮೆ ವಾಟ ಬೇಡ.

ಕಾಂಕ್ರೀಟ್ 4 ಇಂಚಿಗೆ 2.1 ಘನ ಮೀಟರ್, 2.3 ಹೇಳಿ. ಬಲದ ದರ್ಜೆ ಎಂ-25ಕ್ಕಿಂತ ಕಡಿಮೆ ಬೇಡ. ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ತೆಳು ಎಂದು ತೋರಿಸುವ ಅಳತೆ) 100 ಮಿ.ಮೀ. ಆಸುಪಾಸು. ಹರಡಲು ಸಲೀಸಾಗಲಿ ಎಂದು ಸೈಟಿನಲ್ಲಿ ನೀರು ಸುರಿಯಲು ಬಿಡಬೇಡಿ. ಆ ನೀರು ಮೇಲ್ಮೈಯನ್ನು ಸಡಿಲ ಮಾಡುತ್ತದೆ, ಬಣ್ಣದ ಪದರ ಪುಡಿಯಾಗಿ ಏಳುತ್ತದೆ. ಕಬ್ಬಿಣದ ಮೆಷ್ ನೆಲದ ನಡು ದಪ್ಪದಲ್ಲಿ ಅಥವಾ ಸ್ವಲ್ಪ ಮೇಲೆ, ಕವರ್ ಬ್ಲಾಕ್ (ಮೆಷ್ ಎತ್ತಿ ಹಿಡಿಯುವ ಪುಟ್ಟ ತುಂಡು) ಮೇಲೆ ಕೂರಬೇಕು. ಜಲ್ಲಿಯ ಮೇಲೆ ಹಾಸಿ, ಕಾಂಕ್ರೀಟ್ ಸುರಿದ ಮೇಲೆ ಕೊಕ್ಕೆಯಲ್ಲಿ ಎತ್ತುತ್ತೇವೆ ಅನ್ನುವವರದು ಕೊನೆಗೆ ಕೆಳಗೇ ಉಳಿಯುತ್ತದೆ.

ಬಣ್ಣಕ್ಕೆ ಎರಡು ದಾರಿ. ಮಿಶ್ರಣದಲ್ಲೇ ಬೆರೆಸುವ ಬಣ್ಣ, ಅಥವಾ ಮೇಲೆ ಎರಚುವ ಕಲರ್ ಹಾರ್ಡನರ್. ಎರಡನೆಯದು ಮೇಲ್ಮೈಯನ್ನು ಗಟ್ಟಿ ಮಾಡುತ್ತದೆ, ಬಣ್ಣವೂ ತೀಕ್ಷ್ಣ. ಚದರ ಮೀಟರಿಗೆ 3 ಕಿಲೋ, ನಿಮಗೆ 63 ಕಿಲೋ ಬೇಕು. ಮೇಲೆ ತೇಲಿದ ನೀರು ಪೂರ್ತಿ ಆರಿದ ಮೇಲೆ ಮೂರರಲ್ಲಿ ಎರಡು ಪಾಲು ಎರಚಿ, ಅದು ತಾನೇ ತೇವ ಹೀರಿ ಬಣ್ಣ ಗಾಢವಾದ ಮೇಲೆ ಉಜ್ಜಿ, ಉಳಿದ ಪಾಲು ಬಣ್ಣ ತೆಳುವಾದ ಕಡೆಗೆ. ಒಣಗಿದೆ ಎಂದು ನೀರು ಚಿಮುಕಿಸಿದರೆ ಪದರ ಕೆಳಗಿನದಕ್ಕೆ ಕಚ್ಚುವುದಿಲ್ಲ, ಆಮೇಲೆ ಹಪ್ಪಳದಂತೆ ಏಳುತ್ತದೆ.

ಅಚ್ಚೊತ್ತುವ ಹೊತ್ತು ಬೆರಳಿನಿಂದ ತಿಳಿಯುತ್ತದೆ. ಒತ್ತಿದರೆ 5 ಮಿ.ಮೀ. ಇಳಿಯಬೇಕು, ಬೆರಳಿಗೆ ಗಾರೆ ಅಂಟಬಾರದು. ಆಗ ಅಚ್ಚು ಅಂಟದಂತೆ ತಡೆಯುವ ರಿಲೀಸ್ ಪುಡಿ ಚದರ ಮೀಟರಿಗೆ 150ರಿಂದ 200 ಗ್ರಾಂ ಎರಚಿ ಶುರು ಮಾಡಬೇಕು. ಬಿಸಿಲಲ್ಲಿ ಈ ಹೊತ್ತು ಮುಕ್ಕಾಲು ಗಂಟೆಯೂ ಉಳಿಯದು, ಹಾಗಾಗಿ ನಸುಕಿನಲ್ಲೇ ಕಾಂಕ್ರೀಟ್ ಬೀಳಲಿ. ಎರಡು ಅಡಿಯ ಅಚ್ಚಾದರೆ 14 ಅಡಿಯ ಸಾಲಿಗೆ 7, ಜೊತೆಗೆ ಇನ್ನೆರಡು, ಗೋಡೆಯಂಚಿಗೆ ಬಾಗುವ ಅಚ್ಚೊಂದು. ಮೂರೇ ಅಚ್ಚು ತಂದ ತಂಡ ಕೊನೆಯ ಸಾಲಿಗೆ ಬರುವಷ್ಟರಲ್ಲಿ ನೆಲ ಗಟ್ಟಿಯಾಗಿ ಅಚ್ಚು ಇಳಿಯುವುದೇ ಇಲ್ಲ. ಮೊದಲ ಸಾಲು ಆಳ, ಕೊನೆಯ ಸಾಲು ನುಣ್ಣಗೆ ಕಾಣುವ ಅಂಗಳಗಳೆಲ್ಲ ಹೀಗೇ ಆದದ್ದು. ಇದೇ ಕಾರಣಕ್ಕೆ 480 ಚದರ ಅಡಿಯ ದಾರಿಯನ್ನು ಸಣ್ಣ ತಂಡ ಒಂದೇ ಸಲಕ್ಕೆ ಹಾಕುವುದು ಅಪಾಯ.

ಕ್ಯೂರಿಂಗ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಮಾಮೂಲಿ ನೆಲದಂತೆ ಗೋಣಿಚೀಲ ಹಾಸಿ ನೀರು ಹಿಡಿದರೆ, ಪ್ಲಾಸ್ಟಿಕ್ ಹೊದಿಸಿದರೆ, ಬಣ್ಣ ಮಚ್ಚೆಮಚ್ಚೆಯಾಗುತ್ತದೆ. ಒಂದೆರಡು ದಿನ ಬಿಟ್ಟು ರಿಲೀಸ್ ಪುಡಿ ತೊಳೆದು, ತಗ್ಗಿನಲ್ಲಿ ಸ್ವಲ್ಪ ಉಳಿಸಿ, ಮೇಲ್ಮೈ ಒಣಗಿದ ಕೂಡಲೇ ಬಣ್ಣದ ಕಾಂಕ್ರೀಟಿಗೆ ಹೊಂದುವ ಕ್ಯೂರ್-ಸೀಲ್ (ಒಳಗಿನ ತೇವ ಹಿಡಿದಿಡುವ ಲೇಪ) ತೆಳುವಾಗಿ ಹಚ್ಚಿ.

ಹಿತ್ತಲಬಾಗಿಲು:

ಇಬ್ಬರಿಗೂ ಧನ್ಯವಾದ. ದಾರಿಗೆ ಪೇವರ್, ಅಂಗಳಕ್ಕೆ ಸ್ಟ್ಯಾಂಪ್ಡ್ ಎಂದು ಮನಸ್ಸು ಮಾಡಿದ್ದೇನೆ. ಮೇಸ್ತ್ರಿ ಹೇಳುವುದು ಬೇರೆ ಇದೆ. ಮರಳಿನ ಬದಲು ಜಲ್ಲಿಪುಡಿ ಎರಡೂವರೆ ಇಂಚು ಹಾಕಿ ಮಟ್ಟ ಮಾಡೋಣ, ಹುಲ್ಲು ಬರದ ಹಾಗೆ ಅದರ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸೋಣ, ಅಂಗಳಕ್ಕೆ ಮೆಷ್ ಇದ್ದ ಮೇಲೆ ಜಾಯಿಂಟ್ ಯಾಕೆ ಅನ್ನುತ್ತಾರೆ. ಪೇವರ್ ಅಂಚಿಗೆ ಗಾರೆ ಬಳಿದರೆ ಸಾಕಂತೆ. ಸರಿಯೇ?

ಲೈನ್‌ದಾರ:

ನಾಲ್ಕೂ ಬೇಡ, ಕಾರಣ ಸಮೇತ ಹೇಳುತ್ತೇನೆ, ಮೇಸ್ತ್ರಿಗೂ ತೋರಿಸಿ.

ಜಲ್ಲಿಪುಡಿಯಲ್ಲಿ ಹಿಟ್ಟಿನಂಥ ನುಣುಪು ಬಹಳ. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆ ಪುಡಿಯ ಮೇಲೆ ಚಕ್ರ ಹತ್ತಿ ಇಳಿದಾಗ ಪಂಪಿನಂತೆ ಕೆಸರು ಸಂದಿಯಿಂದ ಮೇಲೆ ಬರುತ್ತದೆ, ಬ್ಲಾಕ್ ಅಷ್ಟಷ್ಟೇ ಕೆಳಗಿಳಿಯುತ್ತದೆ. ಕಾಂಕ್ರೀಟಿಗೆ ಬಳಸುವ ಒರಟು, ತೊಳೆದ ಮರಳೇ ಬೇಕು. ದಪ್ಪ ಒಂದೇ ಇಂಚು. ಎರಡೂವರೆ ಇಂಚು ಕೇಳುತ್ತಿದ್ದಾರೆಂದರೆ ಕೆಳಗಿನ ಹಾಸು ಏರುತಗ್ಗಾಗಿದೆ ಎಂದು ಅರ್ಥ. 10 ಅಡಿಯ ಮಟ್ಟಗೋಲು ಇಟ್ಟು ನೋಡಿ, ಹಾಸಿನಲ್ಲಿ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಜಲ್ಲಿಯಲ್ಲೇ ಸರಿಪಡಿಸಬೇಕು. ಮರಳಿನಿಂದ ತಗ್ಗು ತುಂಬಿದ ಕಡೆಯೇ ಮುಂದೆ ಗುಂಡಿ ಬೀಳುವುದು.

ಒಂದು ಇಂಚಿನ ಎರಡು ಪೈಪು ಸಮಾನಾಂತರ ಇಟ್ಟು, ಮರಳು ಸುರಿದು, ಮಟ್ಟಗೋಲು ಎಳೆಯಿರಿ. ಪೈಪು ತೆಗೆದ ಗೆರೆಗೆ ಮರಳು ತುಂಬಿ. ಎಳೆದ ಮರಳನ್ನು ತುಳಿಯಬಾರದು, ದಮ್ಮಸ್ಸೂ ಮಾಡಬಾರದು. ಇಳಿಜಾರಿನ ಕೆಳತುದಿಯಿಂದ, ಅಂದರೆ ಚರಂಡಿಯ ಅಂಚಿನಿಂದ ಮೇಲಕ್ಕೆ ಜೋಡಿಸುತ್ತ ಬನ್ನಿ, ಜೋಡಿಸಿದ ಬ್ಲಾಕಿನ ಮೇಲೇ ನಿಂತು ಮುಂದುವರಿಯಿರಿ. ಸಂದಿ 2ರಿಂದ 5 ಮಿ.ಮೀ. ಮೂರು ನಾಲ್ಕು ಪ್ಯಾಲೆಟ್‌ನಿಂದ ಬೆರೆಸಿ ತೆಗೆದರೆ ಬಣ್ಣದ ಪಟ್ಟೆ ಕಾಣುವುದಿಲ್ಲ. ಅಂಚಿಗೆ ಬರುವ ತುಂಡು ಬ್ಲಾಕಿನ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಾದರೆ ಜೋಡಣೆಯನ್ನೇ ಒಂದು ಸಾಲು ಬದಲಿಸಿ, ಆ ಚೂರು ಚಕ್ರದಡಿ ನಿಲ್ಲುವುದಿಲ್ಲ.

ಪ್ಲಾಸ್ಟಿಕ್ ಹಾಳೆ ಹುಲ್ಲು ತಡೆಯುವುದಿಲ್ಲ, ನೀರು ತಡೆಯುತ್ತದೆ. ಸಂದಿಯ ಹುಲ್ಲು ಕೆಳಗಿನಿಂದ ಬರುವುದಲ್ಲ, ಗಾಳಿಯಲ್ಲಿ ಬಂದ ಬೀಜ ಸಂದಿಯ ಧೂಳಿನಲ್ಲಿ ಮೊಳೆಯುತ್ತದೆ. ಸಂದಿ ತುದಿಯವರೆಗೆ ತುಂಬಿದ್ದರೆ, ಆಗಾಗ ಗುಡಿಸಿದರೆ ಅದು ಬಹಳ ಕಡಿಮೆ. ಪಾಲಿಮೆರಿಕ್ ಮರಳು (ನೀರು ತಾಗಿದರೆ ಗಟ್ಟಿಯಾಗುವ, ಅಂಟು ಬೆರೆತ ಮರಳು) ಬಳಸುವುದಾದರೆ ಬ್ಲಾಕ್, ಸಂದಿ ಎರಡೂ ಪೂರ್ತಿ ಒಣಗಿರಬೇಕು. ನೀರು ಹಾಕುವ ಮೊದಲು ಮೇಲಿನ ಪುಡಿಯನ್ನು ಬ್ಲೋವರ್‌ನಿಂದ ಊದಿಸಿ, ಇಲ್ಲದಿದ್ದರೆ ಬಿಳಿ ಪೊರೆ ಅಂಟಿಕೊಂಡು ಹೋಗುವುದೇ ಇಲ್ಲ.

ಅಂಚಿಗೆ ಬಳಿದ ಗಾರೆ ಕಾರು ಒಮ್ಮೆ ಪಕ್ಕಕ್ಕೆ ಹತ್ತಿದರೆ ಒಡೆಯುತ್ತದೆ. ಅಂಚು ಸಡಿಲವಾದರೆ ಸಂದಿ ಅಗಲವಾಗುತ್ತದೆ, ಮರಳು ಸೋರುತ್ತದೆ, ಕಚ್ಚುವಿಕೆ ಇಡೀ ದಾರಿಗೆ ಹೋಗುತ್ತದೆ. ಎರಡೂ ಪಕ್ಕ ಜಲ್ಲಿ ಹಾಸಿನ ಮೇಲೆ ಕೂತ, ಹಿಂದುಗಡೆ ಕಾಂಕ್ರೀಟ್ ಆನಿಸಿದ ಕರ್ಬ್ (ಅಂಚಿನ ಕಟ್ಟೆ) ಹಾಕಿಸಿ, ಗೇಟಿನ ತುದಿಗೂ ಒಂದು ಅಡ್ಡ ಕರ್ಬ್.

ಮೆಷ್ ಬಗ್ಗೆ: ಕಬ್ಬಿಣ ಬಿರುಕು ಬಾರದಂತೆ ತಡೆಯುವುದಿಲ್ಲ, ಬಂದ ಬಿರುಕು ಅಗಲವಾಗದಂತೆ ಹಿಡಿಯುತ್ತದೆ. ಬಿರುಕು ಎಲ್ಲಿ ಬರಬೇಕು ಎಂದು ತೀರ್ಮಾನಿಸುವುದು ಜಾಯಿಂಟೇ.

ಕೊನೆಯ ದಮ್ಮಸ್ಸಿಗೆ ಪ್ಲೇಟ್ ಕಾಂಪ್ಯಾಕ್ಟರ್ ಕನಿಷ್ಠ 22 ಕಿಲೋನ್ಯೂಟನ್ ಬಲದ್ದಿರಲಿ, ಅಡಿಗೆ ರಬ್ಬರ್ ಪ್ಯಾಡ್. ಮೊದಲು ಬರೀ ಬ್ಲಾಕಿನ ಮೇಲೆ ಒಂದು ಸುತ್ತು, ಮುರಿದವನ್ನು ಬದಲಿಸಿ, ಒಣ ಮರಳು ಗುಡಿಸಿ ಮತ್ತೆ ಓಡಿಸಿ. ಮರಳು ಇಳಿಯುವುದು ನಿಲ್ಲುವವರೆಗೆ ಎರಡು ಮೂರು ಸಲ. ದಿನದ ಕೊನೆಗೆ ಅರ್ಧಕ್ಕೆ ನಿಂತ, ಆನಿಕೆ ಇಲ್ಲದ ತುದಿಯಿಂದ 3 ಅಡಿ ಒಳಗೇ ಮೆಷಿನ್ ನಿಲ್ಲಿಸಿ.

ಕರಣೆ:

ಅಂಗಳದ ಸೀಲರ್ (ಮೇಲ್ಮೈ ಕಾಯುವ ಲೇಪ) ಬಗ್ಗೆ ಬಿಟ್ಟುಹೋಗಿತ್ತು. ಅಕ್ರಿಲಿಕ್ ಸೀಲರ್ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ. ಲೀಟರಿಗೆ 5ರಿಂದ 6 ಚದರ ಮೀಟರ್, ಎರಡು ತೆಳು ಕೋಟಿಗೆ ನಿಮಗೆ 8 ಲೀಟರ್. ಹೊಳಪಿಗೆಂದು ದಪ್ಪ ಹಚ್ಚಿದರೆ ಒಳಗಿನ ತೇವ ಹೊರಬರಲಾರದೆ ಹಾಲಿನಂತೆ ಬೆಳ್ಳಗಾಗುತ್ತದೆ, ಸಿಪ್ಪೆ ಏಳುತ್ತದೆ. ಒದ್ದೆಯಾದಾಗ ಜಾರುವುದಂತೂ ಖಂಡಿತ. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ ಎರಡನೇ ಕೋಟಿಗೆ ಜಾರದಂತೆ ತಡೆಯುವ ಪುಡಿ ಬೆರೆಸಲೇಬೇಕು. ಇದನ್ನು ಮಾತ್ರ ಬಿಡಬೇಡಿ.

ರಸಮಟ್ಟ:

ಪೇವರ್ ಮೇಲೆ ಮೊದಲ ಕೆಲವು ತಿಂಗಳು ಬಿಳಿ ಪುಡಿ ಕಂಡರೆ ಗಾಬರಿ ಬೇಡ. ಸಿಮೆಂಟಿನೊಳಗಿನ ಸುಣ್ಣ ನೀರಿನ ಜೊತೆ ಮೇಲೆ ಬಂದದ್ದು, ಮಳೆಗೆ ಕ್ರಮೇಣ ಹೋಗುತ್ತದೆ. ಅದಿರುವಾಗಲೇ ಸೀಲರ್ ಹಚ್ಚಿದರೆ ಒಳಗೇ ಸಿಕ್ಕಿಕೊಳ್ಳುತ್ತದೆ.

ಎಲ್ಲಾದರೂ ಇಳಿದರೆ, ಇಳಿದ ಜಾಗಕ್ಕಿಂತ ಒಂದು ಅಡಿ ಆಚೆಯವರೆಗೆ ಬ್ಲಾಕ್ ಎತ್ತಿ. ಮೊದಲನೆಯದು ಕಷ್ಟ: ಎರಡು ಚಪ್ಪಟೆ ಸ್ಕ್ರೂಡ್ರೈವರ್ ಎರಡೂ ತುದಿಗೆ ತೂರಿಸಿ ಅತ್ತಿತ್ತ ಆಡಿಸುತ್ತ ಎತ್ತಬೇಕು, ಉಳಿದವು ಕೈಯಲ್ಲೇ ಬರುತ್ತವೆ. ಮರಳು ಪೂರ್ತಿ ಕೆರೆದು ತೆಗೆದು, ಜಲ್ಲಿಯನ್ನು ಮಟ್ಟಕ್ಕೆ ತಂದು ದಮ್ಮಸ್ಸು ಮಾಡಿ, ಮೇಲೆ ಹೊಸ ಮರಳು ಒಂದೇ ಇಂಚು. ಬ್ಲಾಕ್ ಸುತ್ತಲಿನದಕ್ಕಿಂತ 5 ಮಿ.ಮೀ. ಎತ್ತರ ಕೂರಿಸಿ, ಮೆಷಿನ್ ಓಡಿಸಿದಾಗ ಸರಿಹೋಗುತ್ತದೆ. ಎಣ್ಣೆ ಕಲೆಯಾದ ಬ್ಲಾಕನ್ನೂ ಹೀಗೆಯೇ ಬದಲಿಸಬಹುದು. ಅದಕ್ಕಾಗಿ ಅದೇ ಲಾಟಿನ 50 ಬ್ಲಾಕ್ ತೆಗೆದಿಡಿ, ನೆರಳಲ್ಲಿ ಅಲ್ಲ, ಬಿಸಿಲು ಮಳೆ ಬೀಳುವ ಹೊರಗಡೆ. ಆಗ ದಾರಿಯ ಬ್ಲಾಕಿನ ಜೊತೆಗೇ ಅವುಗಳ ಬಣ್ಣವೂ ಮಾಸಿರುತ್ತದೆ.